ಕಾರಿನ ಬಣ್ಣ ಸುಕ್ಕುಗಟ್ಟಿದರೆ, ಸಿಪ್ಪೆ ಎದ್ದರೆ: ಯಾವ ಪದರ ಯಾವುದಕ್ಕೆ ಒಗ್ಗಲಿಲ್ಲ ಎಂದು ಪತ್ತೆ ಹಚ್ಚುವ ಬಗೆ

ಬಾನೆಟ್‌ಗೆ ಹೊಸ ಬಣ್ಣ ಹೊಡೆದ ಹತ್ತೇ ನಿಮಿಷಕ್ಕೆ ಕಾದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟುತ್ತದೆ. ಇಲ್ಲವೇ ಆರು ತಿಂಗಳು ಥಳಥಳ ಹೊಳೆದ ಕ್ಲಿಯರ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಒಂದು ದಿನ ಕಾರು ತೊಳೆಯುವಾಗ ಸಿಪ್ಪೆಯಾಗಿ ಏಳುತ್ತದೆ. ಎರಡರಲ್ಲೂ ಮೊದಲು ಬೈಗುಳ ತಿನ್ನುವುದು ಕಣ್ಣಿಗೆ ಕಾಣುವ ಮೇಲಿನ ಪದರ. ‘ಈ ಪೇಂಟೇ ಸರಿ ಇಲ್ಲ, ಬೇರೆ ಕಂಪನಿಯದು ತನ್ನಿ’ ಎನ್ನುತ್ತಾರೆ. ಆದರೆ ದೋಷದ ಬೇರು ಹೆಚ್ಚಿನ ಸಲ ಒಂದೋ ಎರಡೋ ಪದರ ಕೆಳಗಿರುತ್ತದೆ. ಅದು ಯಾವುದೆಂದು ತಿಳಿಯದೆ ಇನ್ನೊಂದು ಕೋಟ್ ಹೊಡೆದರೆ ಸಾಮಾನೂ ಹೋಯಿತು, ಎರಡು ದಿನದ ಕೂಲಿಯೂ ಹೋಯಿತು, ಸುಕ್ಕು ಮಾತ್ರ ಅಲ್ಲೇ ಇರುತ್ತದೆ.

ಕಂಪ್ರೆಸರ್, ಸ್ಪ್ರೇ ಗನ್ ಇದ್ದು ಬೇಕಿಂಗ್ ಬೂತ್ (ಬಣ್ಣವನ್ನು ಬಿಸಿಯಲ್ಲಿ ಒಣಗಿಸುವ ಕೋಣೆ) ಇಲ್ಲದ ಸಣ್ಣ ವರ್ಕ್‌ಶಾಪ್‌ಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ. ಇಲ್ಲಿನ ಅಳತೆಗಳು ಸಾಮಾನ್ಯವಾಗಿ ಬಳಕೆಯಲ್ಲಿರುವಂಥವು. ನಿಮ್ಮ ಡಬ್ಬಿಯ ಮೇಲೆ ಬೇರೆ ಅಳತೆ ಇದ್ದರೆ ಅದೇ ಅಂತಿಮ.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ

ನಮ್ಮ ವರ್ಕ್‌ಶಾಪ್‌ಗಳಲ್ಲಿ ಲ್ಯಾಕರ್ ಎಂದರೆ ಕ್ಲಿಯರ್ ಕೋಟ್. ಪೇಂಟ್ ತಯಾರಕರ ಪುಸ್ತಕದಲ್ಲಿ ಲ್ಯಾಕರ್ ಎಂದರೆ ಥಿನ್ನರ್ ಆರಿ ಹೋಗುವುದರಿಂದ ಮಾತ್ರ ಒಣಗುವ ಬಣ್ಣ. ಈ ಒಂದು ಪದದಿಂದಾಗಿಯೇ ಎಷ್ಟೋ ತಪ್ಪು ಡಬ್ಬಿಗಳು ಅಂಗಡಿಯಿಂದ ಬರುತ್ತವೆ. ಹಾಗಾಗಿ ಬಣ್ಣವನ್ನು ಹೆಸರಿನಿಂದಲ್ಲ, ಅದು ಒಣಗುವ ರೀತಿಯಿಂದ ಗುರುತಿಸಬೇಕು.

ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ, ಅಂದರೆ ಹಳಬರು ಡ್ಯುಕೊ ಎನ್ನುವುದು, ಬರೀ ಥಿನ್ನರ್ ಹಾರಿಹೋಗಿ ಒಣಗುತ್ತದೆ. ಹತ್ತು ವರ್ಷದ ನಂತರ ಥಿನ್ನರ್ ತಾಗಿದರೂ ಮತ್ತೆ ಕರಗುತ್ತದೆ. ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಗಾಡಿಗಳ ಮೇಲೆ ಇದರ ಪದರ ಸಿಗುವುದು ಸಾಮಾನ್ಯ. ಸಿಂಥೆಟಿಕ್ ಎನಾಮೆಲ್ ಮತ್ತು ಹಾರ್ಡ್‌ವೇರ್ ಅಂಗಡಿಯ ರೆಡ್ ಆಕ್ಸೈಡ್ ಪ್ರೈಮರ್ ಗಾಳಿಯ ಆಮ್ಲಜನಕ ಹೀರಿಕೊಂಡು ಮೇಲಿನಿಂದ ಕೆಳಕ್ಕೆ ಗಟ್ಟಿಯಾಗುತ್ತವೆ. ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ವಾರಗಟ್ಟಲೆ ಹಸಿಯಾಗಿರುತ್ತವೆ. ಟೂಕೆ ಎಂದರೆ ಹಾರ್ಡ್ನರ್, ಅಂದರೆ ಗಟ್ಟಿ ಮಾಡುವ ದ್ರವ, ಬೆರೆಸುವ ಬಣ್ಣ. ಎಪಾಕ್ಸಿ ಪ್ರೈಮರ್, ಪಿಯು (ಪಾಲಿಯುರೆಥೇನ್) ಸರ್ಫೇಸರ್ ಅಂದರೆ ಮೇಲ್ಮೈ ಸಮ ಮಾಡುವ ಪ್ರೈಮರ್, ಪಿಯು ಕ್ಲಿಯರ್ ಎಲ್ಲ ಈ ಜಾತಿಯವು. ಪೂರ್ತಿ ಗಟ್ಟಿಯಾದ ಮೇಲೆ ಇವು ಥಿನ್ನರ್‌ಗೆ ಕರಗುವುದಿಲ್ಲ.

ಒನ್‌ಕೆ, ಅಂದರೆ ಹಾರ್ಡ್ನರ್ ಬೇಡದ ಬಣ್ಣದ ಮೇಲೆ ಟೂಕೆ ಹೊಡೆಯಲೇಬಾರದು ಎಂದು ಹಲವರು ಸೂತ್ರದಂತೆ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಮೆಟಾಲಿಕ್ ಕಾರುಗಳ ಬೇಸ್ ಕೋಟ್ (ಕ್ಲಿಯರ್ ಕೆಳಗಿನ ಬಣ್ಣದ ಪದರ) ಬಹುಪಾಲು ಒನ್‌ಕೆ, ಅದರ ಮೇಲೆ ಬರುವ ಕ್ಲಿಯರ್ ಟೂಕೆ. ಆ ಬೇಸ್ ಕೋಟ್ ಮಾಡಿರುವುದೇ ಮೇಲೆ ಟೂಕೆ ಕ್ಲಿಯರ್ ಬರಲಿ ಎಂದು. ಕಳವಳ ಪಡಬೇಕಾದದ್ದು ಎನಾಮೆಲ್, ಎನ್‌ಸಿ ಮತ್ತು ಯಾವ ಜಾತಿ ಎಂದು ಗೊತ್ತಿಲ್ಲದ ಸ್ಪ್ರೇ ಡಬ್ಬಿಯ ಬಣ್ಣಗಳ ಬಗ್ಗೆ.

ಥಿನ್ನರ್ ಬಟ್ಟೆಯ ಪರೀಕ್ಷೆ

ಯಾವ ದೋಷವಿದ್ದರೂ ಮೊದಲು ಮಾಡಬೇಕಾದದ್ದು ಇದೇ. ದೋಷವಿರುವ ಜಾಗದ ಅಂಚಿನಲ್ಲಿ ಅಂಗೈಯಗಲ ಜಾಗವನ್ನು 320 ನಂಬರ್ ಪೇಪರ್‌ನಿಂದ ತಗಡು ಕಾಣುವವರೆಗೆ ಇಳಿಜಾರಾಗಿ ಉಜ್ಜಿ. ಕೊಯ್ದ ಈರುಳ್ಳಿಯ ಹಾಗೆ ಪದರಗಳು ಉಂಗುರ ಉಂಗುರವಾಗಿ ಕಾಣುತ್ತವೆ. ಎಷ್ಟು ಉಂಗುರ, ಯಾವ ಬಣ್ಣ ಎಂದು ಬರೆದಿಟ್ಟುಕೊಳ್ಳಿ. ಬಿಳಿ ಹತ್ತಿ ಬಟ್ಟೆಯನ್ನು ಎನ್‌ಸಿ ಥಿನ್ನರ್‌ನಲ್ಲಿ ಒದ್ದೆ ಮಾಡಿ ಉಂಗುರಗಳ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಆಮೇಲೆ ಹತ್ತು ಸಲ ಉಜ್ಜಿ.

ಬಣ್ಣ ಬಟ್ಟೆಗೆ ಧಾರಾಳವಾಗಿ ಹತ್ತಿ ಉಂಗುರವೇ ಕರಗುತ್ತಾ ಹೋದರೆ ಅದು ಎನ್‌ಸಿ ಅಥವಾ ಬೇರೆ ಒನ್‌ಕೆ ಬಣ್ಣ. ಕರಗದೆ ಉಬ್ಬಿ ಮುದುಡಿದರೆ ಎನಾಮೆಲ್. ಬಟ್ಟೆ ಬೆಳ್ಳಗೇ ಉಳಿದು ಪದರ ಗಟ್ಟಿಯಾಗಿದ್ದರೆ ಟೂಕೆ ಅಥವಾ ಫ್ಯಾಕ್ಟರಿಯಲ್ಲಿ ಬೇಯಿಸಿದ ಬಣ್ಣ. ಕರಗದಿದ್ದರೂ ಉಗುರಿನಿಂದ ಗೀರು ಬೀಳುವಷ್ಟು ಮೆತ್ತಗಾದರೆ ಟೂಕೆ ಹೌದು, ಆದರೆ ಹಾರ್ಡ್ನರ್ ಕಡಿಮೆಯಾಗಿದೆ ಅಥವಾ ಕೆಟ್ಟಿದೆ. ಬೇಸ್ ಕೋಟ್‌ನ ತೆಳು ಉಂಗುರ ಸ್ವಲ್ಪ ಹತ್ತುವುದು ಸಹಜ, ಅದನ್ನು ದೋಷವೆಂದು ಎಣಿಸಬೇಡಿ.

ದಪ್ಪ ಅಳೆಯುವ ಮೀಟರ್ ಇದ್ದರೆ ಅನುಕೂಲ. ಫ್ಯಾಕ್ಟರಿ ಬಣ್ಣ ಸಾಮಾನ್ಯವಾಗಿ ಒಟ್ಟು 90ರಿಂದ 150 ಮೈಕ್ರಾನ್ ಇರುತ್ತದೆ. 300 ದಾಟಿದರೆ ಅಲ್ಲಿ ಹಿಂದೊಮ್ಮೆ ರಿಪೇರಿ ಆಗಿದೆ. ಸಾವಿರ ದಾಟಿದರೆ ಕೆಳಗೆ ದಪ್ಪಗೆ ಪುಟ್ಟಿ ಕೂತಿದೆ.

ಹೊಡೆದ ಕೂಡಲೇ ಸುಕ್ಕುಗಟ್ಟಿದರೆ

ಅರ್ಧ ಗಟ್ಟಿಯಾದ ಕೆಳಪದರ ಮೇಲಿನ ಬಣ್ಣದ ಥಿನ್ನರ್ ಕುಡಿದು ಉಬ್ಬುತ್ತದೆ. ಬುಡ ತಗಡಿಗೆ ಅಂಟಿಕೊಂಡಿರುವುದರಿಂದ ಅಗಲಕ್ಕೆ ಹರಡಲು ದಾರಿಯಿಲ್ಲ, ಮೇಲಕ್ಕೆ ಮಡಿಚಿಕೊಳ್ಳುತ್ತದೆ. ಸುಕ್ಕು ಎಂದರೆ ಇಷ್ಟೇ. ಪೂರ್ತಿ ಹಸಿ ಪದರವಾಗಿದ್ದರೆ ಹೊಸ ಬಣ್ಣದೊಡನೆ ಬೆರೆತುಹೋಗುತ್ತಿತ್ತು, ಪೂರ್ತಿ ಗಟ್ಟಿಯಾಗಿದ್ದರೆ ತಡೆದುಕೊಳ್ಳುತ್ತಿತ್ತು. ಅಪಾಯವಿರುವುದು ಇವೆರಡರ ನಡುವಿನ ಅವಧಿಯಲ್ಲಿ. ಎನಾಮೆಲ್ ಡಬ್ಬಿಯ ಮೇಲೆ ‘ಇಷ್ಟು ಗಂಟೆಯೊಳಗೆ ಅಥವಾ ಇಷ್ಟು ದಿನದ ನಂತರ ಎರಡನೇ ಕೋಟ್’ ಎಂದು ಬರೆದಿರುವುದು ಇದೇ ಕಾರಣಕ್ಕೆ.

ಸುಕ್ಕು ಎಲ್ಲಿದೆ ಎಂಬುದೇ ಅರ್ಧ ಉತ್ತರ ಕೊಡುತ್ತದೆ. ಇಡೀ ಪ್ಯಾನೆಲ್ ಸುಕ್ಕುಗಟ್ಟಿದ್ದರೆ ಕೆಳಗೆ ಪೂರ್ತಿ ಎನಾಮೆಲ್ ಅಥವಾ ರೆಡ್ ಆಕ್ಸೈಡ್ ಇದೆ. ಟಿಂಕರಿಂಗ್ ಆದ ಮೇಲೆ ತಗಡಿಗೆ ತುಕ್ಕು ಹಿಡಿಯದಿರಲೆಂದು ರೆಡ್ ಆಕ್ಸೈಡ್ ಬಳಿದು, ಮಾರನೇ ದಿನ ಅದರ ಮೇಲೇ ಪಿಯು ಸರ್ಫೇಸರ್ ಹೊಡೆಯುವುದು ನಮ್ಮಲ್ಲಿ ತುಂಬ ಸಾಮಾನ್ಯವಾದ ತಪ್ಪು. ಗೇಟು, ಕಿಟಕಿ ಸರಳುಗಳಿಗೆ ಆ ಪ್ರೈಮರ್ ಒಳ್ಳೆಯದೇ. ಪಿಯು ಥಿನ್ನರ್ ತಡೆಯುವ ಶಕ್ತಿ ಅದಕ್ಕಿಲ್ಲ. ಪುಟ್ಟಿ ಹಾಕಿದ ಜಾಗದ ಸುತ್ತ ಬಳೆಯಾಕಾರದಲ್ಲಿ ಮಾತ್ರ ಸುಕ್ಕು ಬಂದಿದ್ದರೆ ತೊಂದರೆ ಹಳೆಯ ಬಣ್ಣದ ಅಂಚಿನದು: ಉಜ್ಜಿ ತೆಳುವಾದ ಆ ಅಂಚಿನಲ್ಲಿ ಕೆಳಗಿನ ಎನ್‌ಸಿ ಅಥವಾ ಎನಾಮೆಲ್ ತೆರೆದುಕೊಂಡಿದೆ, ಥಿನ್ನರ್ ಅಲ್ಲಿಂದಲೇ ಒಳಗೆ ನುಗ್ಗಿದೆ.

ಸುಕ್ಕಿನ ಮೇಲೆ ಇನ್ನೊಂದು ಕೋಟ್ ಹೊಡೆಯಬೇಡಿ. ಅಂದೇ ಒದ್ದೆಯಿರುವಾಗ ಉಜ್ಜಲೂ ಹೋಗಬೇಡಿ, ಪೇಪರ್‌ಗೆ ಮುದ್ದೆಯಾಗಿ ಹತ್ತುತ್ತದೆ. ಎರಡು ಮೂರು ದಿನ ಬಿಸಿಲಿನಲ್ಲಿ ಬಿಟ್ಟು, ಇನ್‌ಫ್ರಾರೆಡ್ ದೀಪವಿದ್ದರೆ ಕಾಯಿಸಿ, ಸುಕ್ಕಿದ ಪದರವನ್ನೂ ಅದರ ಕೆಳಗಿನ ಮೆತ್ತನೆ ಪದರವನ್ನೂ 180 ನಂಬರ್ ಪೇಪರ್‌ನಲ್ಲಿ ತೆಗೆಯಿರಿ. ಉಂಗುರ ಪರೀಕ್ಷೆ ಮತ್ತೆ ಮಾಡಿ. ಉಬ್ಬುವ ಪದರ ಇನ್ನೂ ಉಳಿದಿದ್ದರೆ ಪೂರ್ತಿ ತಗಡಿನವರೆಗೆ ಇಳಿಯುವುದೇ ಲೇಸು. ಅಂಚಿನಲ್ಲಿ ಮಾತ್ರ ಉಳಿದಿದ್ದರೆ ಎಪಾಕ್ಸಿ ಪ್ರೈಮರ್‌ನ ಎರಡು ತೆಳು ಕೋಟ್‌ಗಳನ್ನು, ನಡುವೆ ಪೂರ್ತಿ ಆರಲು ಬಿಟ್ಟು, ತಡೆಗೋಡೆಯಂತೆ ಕೊಡಬಹುದು. ಮೊದಲ ಕೋಟ್ ದಟ್ಟವಾಗಿ ಹೊಡೆದರೆ ಎಪಾಕ್ಸಿಯ ಥಿನ್ನರೇ ಸುಕ್ಕು ತರುತ್ತದೆ. ಇನ್ನೂ ಹಸಿಯಾದ ಎನಾಮೆಲ್ ಮೇಲೆ ಈ ಉಪಾಯವನ್ನು ನೆಚ್ಚಬೇಡಿ.

ಸಿಪ್ಪೆ ಎದ್ದರೆ ಅದರ ಬೆನ್ನು ನೋಡಿ

ಎದ್ದ ಚೂರನ್ನು ಬಿಸಾಡಬೇಡಿ. ಅದರ ಹಿಂಬದಿಯನ್ನೂ ಅದು ಬಿಟ್ಟುಹೋದ ಜಾಗವನ್ನೂ ಬೆಳಕಿನಲ್ಲಿ ನೋಡಿದರೆ ಯಾವ ಎರಡು ಪದರಗಳ ನಡುವೆ ಕೈಬಿಟ್ಟಿತೆಂದು ಗೊತ್ತಾಗುತ್ತದೆ.

ಸಿಪ್ಪೆ ಗಾಜಿನಂತೆ ಪಾರದರ್ಶಕವಾಗಿದ್ದು, ಬಣ್ಣವೆಲ್ಲ ಕಾರಿನ ಮೇಲೇ ಉಳಿದಿದ್ದರೆ ಕ್ಲಿಯರ್ ಮತ್ತು ಬೇಸ್ ನಡುವಿನ ದೋಷ. ಬಣ್ಣ ಹೊಸತಾಗಿದ್ದರೆ ಬೇಸ್ ಕೋಟ್ ಹೊಡೆದು ಕ್ಲಿಯರ್ ಹೊಡೆಯಲು ತಡಮಾಡಿದ್ದಾರೆ. ಸಾಮಾನ್ಯವಾಗಿ ಬೇಸ್ ಮೇಲೆ 15ರಿಂದ 30 ನಿಮಿಷದ ನಂತರ, 24 ಗಂಟೆಯೊಳಗೆ ಕ್ಲಿಯರ್ ಬೀಳಬೇಕು. ಶನಿವಾರ ಬೇಸ್ ಹೊಡೆದು, ಭಾನುವಾರ ರಜೆ ಮಾಡಿ, ಸೋಮವಾರ ಕ್ಲಿಯರ್ ಹೊಡೆದ ಗಾಡಿ ಆರು ತಿಂಗಳಲ್ಲಿ ವಾಪಸ್ ಬರುತ್ತದೆ. ಹಾಗೆ ತಡವಾಗಿಬಿಟ್ಟರೆ ಬೂದು ಸ್ಕಾಚ್‌ಬ್ರೈಟ್‌ನಿಂದ (ಉಜ್ಜುವ ನಾರಿನ ಪ್ಯಾಡ್) ಬೇಸನ್ನು ಹಗುರಾಗಿ ಉಜ್ಜಿ, ಮತ್ತೊಂದು ಕೋಟ್ ಬೇಸ್ ಹೊಡೆದೇ ಕ್ಲಿಯರ್‌ಗೆ ಹೋಗಬೇಕು. ಮೆಟಾಲಿಕ್ ಬೇಸನ್ನು ಉಜ್ಜಿ ನೇರವಾಗಿ ಕ್ಲಿಯರ್ ಹೊಡೆದರೆ ಉಜ್ಜಿದ ಗೀರುಗಳು ಕಪ್ಪಗೆ ಕಾಣುತ್ತವೆ.

ಕಾರು ಹಳೆಯದಾಗಿದ್ದು, ಬಾನೆಟ್ ಮತ್ತು ರೂಫ್ ಮೇಲಷ್ಟೇ ಕ್ಲಿಯರ್ ಎದ್ದಿದ್ದರೆ ಬಿಸಿಲೇ ಕಾರಣ. ಅತಿನೇರಳೆ ಕಿರಣ ತಡೆಯುವ ವಸ್ತು ಇರುವುದು ಕ್ಲಿಯರ್‌ನಲ್ಲಿ. ಹೊಳಪಿಗೆಂದು ರಬ್ಬಿಂಗ್ ಮಾಡಿ ಮಾಡಿ ಕ್ಲಿಯರ್ ತೆಳುವಾದರೆ ಕಿರಣ ಬೇಸ್‌ವರೆಗೆ ಇಳಿದು ಬೇಸಿನ ಮೇಲ್ಮೈ ಪುಡಿಯಾಗುತ್ತದೆ, ಹಿಡಿತ ತಪ್ಪುತ್ತದೆ. ಎದ್ದ ಅಂಚಿಗಷ್ಟೇ ಕ್ಲಿಯರ್ ತುಂಬಿ ಮುಚ್ಚುವ ಕೆಲಸ ಒಂದು ಮಳೆಗಾಲವನ್ನೂ ದಾಟುವುದಿಲ್ಲ. ಪ್ಯಾನೆಲ್ ಪೂರ್ತಿ ಕ್ಲಿಯರ್ ಇಳಿಸಿ ಬೇಸಿನಿಂದ ಶುರುಮಾಡಬೇಕು.

ಸಿಪ್ಪೆಯ ಬೆನ್ನಿಗೆ ಬಣ್ಣವಿದ್ದು, ಕಾರಿನ ಮೇಲೂ ಅದೇ ಬಣ್ಣ ಉಳಿದಿದ್ದರೆ ಬೇಸ್ ಕೋಟ್ ತನ್ನೊಳಗೇ ಸೀಳಿದೆ. ಬಣ್ಣ ಮುಚ್ಚಲಿಲ್ಲವೆಂದು ನಾಲ್ಕೈದು ಒದ್ದೆ ಕೋಟ್ ಒಂದರ ಮೇಲೊಂದು ಹೊಡೆದು, ಆರಲು ಬಿಡದೆ ಕ್ಲಿಯರ್ ಹಾಕಿದಾಗ ಹೀಗಾಗುತ್ತದೆ. ಬೇಸ್ ಒಣಗಿದಾಗ 15ರಿಂದ 25 ಮೈಕ್ರಾನ್ ಸಾಕು. ಕೆಂಪು, ಹಳದಿ ಮುಚ್ಚದಿದ್ದರೆ ಬೇಸ್ ಹೆಚ್ಚಿಸುವ ಬದಲು ಕೆಳಗಿನ ಸರ್ಫೇಸರ್ ಬಣ್ಣ ಬದಲಿಸಿ.

ಬೆನ್ನಿಗೆ ಬಣ್ಣ, ಕಾರಿನ ಮೇಲೆ ನುಣುಪಾದ ಪ್ರೈಮರ್ ಕಂಡರೆ ಪ್ರೈಮರನ್ನು ಉಜ್ಜದೇ ಬಿಟ್ಟಿದ್ದಾರೆ. ಬಾಗಿಲಿನ ಅಂಚು, ಹ್ಯಾಂಡಲ್ ಗುಂಡಿ, ಬೀಡಿಂಗ್ ಪಕ್ಕ ಇದು ಹೆಚ್ಚು, ಏಕೆಂದರೆ ಕೈ ಹೋಗುವುದು ಅಲ್ಲಿಗೆ ಕಡಿಮೆ. ಪ್ರೈಮರ್ ಸಮೇತ ಎದ್ದು ತಗಡು ಕಂಡರೆ ತುಕ್ಕು, ಬೆರಳಿನ ಬೆವರು, ಇಲ್ಲವೇ ಜಿಂಕ್ ಲೇಪಿಸಿದ ತಗಡು ಅಥವಾ ಅಲ್ಯೂಮಿನಿಯಂ ಮೇಲೆ ಎಪಾಕ್ಸಿಯಾಗಲಿ ಎಚ್ (etch, ತಗಡನ್ನು ಆಮ್ಲದಿಂದ ಕೊರೆದು ಹಿಡಿಯುವ) ಪ್ರೈಮರ್ ಆಗಲಿ ಇಲ್ಲದೆ ನೇರ ಸರ್ಫೇಸರ್ ಹೊಡೆದದ್ದು ಕಾರಣ.

ತಗಡಿಗೆ ತಾಗುವ ಪ್ರೈಮರ್‌ಗಳಲ್ಲಿ ಒಂದು ಜೋಡಿ ಒಂದಕ್ಕೊಂದು ಆಗಿಬರುವುದಿಲ್ಲ. ಎಚ್ ಪ್ರೈಮರ್‌ನಲ್ಲಿ ಫಾಸ್ಫಾರಿಕ್ ಆಮ್ಲವಿದೆ. ಎಪಾಕ್ಸಿಯನ್ನು ಗಟ್ಟಿ ಮಾಡುವುದು ಅಮೈನ್, ಅದು ಕ್ಷಾರ. ಎಚ್ ಮೇಲೆ ಎಪಾಕ್ಸಿ ಹೊಡೆದರೆ ಆಮ್ಲ ಆ ಅಮೈನನ್ನು ತಿಂದುಹಾಕುತ್ತದೆ, ಎಪಾಕ್ಸಿಯ ಬುಡ ಗಟ್ಟಿಯಾಗುವುದಿಲ್ಲ. ಪಾಲಿಯೆಸ್ಟರ್ ಪುಟ್ಟಿಯನ್ನೂ ಎಚ್ ಮೇಲೆ ಹಾಕಬಾರದು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ: ಎಚ್ ಆದರೆ 8ರಿಂದ 12 ಮೈಕ್ರಾನಿನ ತೆಳು ಪದರ, ಅದೇ ದಿನ ಅದರ ಮೇಲೆ ಟೂಕೆ ಸರ್ಫೇಸರ್. ಪುಟ್ಟಿ ಕೆಲಸ ಇರುವ ಗಾಡಿಗೆ ಎಪಾಕ್ಸಿಯೇ ಉತ್ತಮ. ಗಟ್ಟಿಯಾದ ಎಪಾಕ್ಸಿಯನ್ನು 180 ನಂಬರ್‌ನಲ್ಲಿ ಉಜ್ಜಿ ಪುಟ್ಟಿ ಹಾಕಬಹುದು.

ಕ್ಲಿಯರ್ ಮೆತ್ತಗೇ ಉಳಿದರೆ, ವಾರದಲ್ಲಿ ಮಂಕಾದರೆ

ಇಲ್ಲಿ ತಪ್ಪು ಪದರಗಳ ನಡುವೆ ಅಲ್ಲ, ಬಣ್ಣ ಬೆರೆಸುವ ಕಪ್ಪಿನೊಳಗೇ ಆಗಿದೆ. ದುಡ್ಡು ಉಳಿಸಲು ಪಿಯು ಥಿನ್ನರ್ ಬದಲು ಎನ್‌ಸಿ ಥಿನ್ನರ್ ಹಾಕುವುದು ಮೊದಲ ಕಾರಣ. ಎನ್‌ಸಿ ಥಿನ್ನರ್‌ನಲ್ಲಿ ಆಲ್ಕೋಹಾಲ್ ಇರುತ್ತದೆ, ಅಲ್ಪಸ್ವಲ್ಪ ನೀರೂ ಇರುತ್ತದೆ. ಹಾರ್ಡ್ನರ್‌ನ ಐಸೋಸಯನೇಟ್ ಕ್ಲಿಯರ್‌ನೊಡನೆ ಸೇರುವ ಬದಲು ಅವುಗಳೊಡನೆ ಸೇರಿ ಖರ್ಚಾಗಿಬಿಡುತ್ತದೆ. ಅಳತೆ ಸರಿಯಾಗಿಯೇ ಹಾಕಿದ್ದೆವಲ್ಲ ಎನ್ನುವವರ ಕ್ಲಿಯರ್ ಕೂಡ ಹೀಗೆ ಕೆಡುತ್ತದೆ. ಗನ್ ತೊಳೆಯಲು ಎನ್‌ಸಿ ಥಿನ್ನರ್ ಬಳಸಿ, ಕಪ್ಪಿಗೆ ಬೇಡ.

ಎರಡನೆಯದು ಹಳೆಯ ಹಾರ್ಡ್ನರ್. ಮುಚ್ಚಳ ಸಡಿಲವಿದ್ದರೆ ಗಾಳಿಯ ತೇವ ಹೀರಿ ಮಬ್ಬಾಗುತ್ತದೆ, ತಳದಲ್ಲಿ ಬಿಳಿ ಹರಳು ಕಟ್ಟುತ್ತದೆ. ನೀರಿನಂತೆ ತಿಳಿಯಾಗಿರದ ಹಾರ್ಡ್ನರ್ ಬಳಸಬೇಡಿ. ಅದೇ ತೇವ ಕಪ್ಪಿನೊಳಗೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹೊರಟು ಕ್ಲಿಯರ್‌ನಲ್ಲಿ ಸಣ್ಣ ಗುಳ್ಳೆಗಳು ನಿಲ್ಲುತ್ತವೆ. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ಅರ್ಧ ಉಳಿದ ಹಾರ್ಡ್ನರ್ ಡಬ್ಬಿ ಬೇಗ ಕೆಡುತ್ತದೆ, ಚಿಕ್ಕ ಡಬ್ಬಿಯನ್ನೇ ಕೊಳ್ಳಿ.

ಮೂರನೆಯದು ಒಂದು ಕಂಪನಿಯ ಕ್ಲಿಯರ್‌ಗೆ ಇನ್ನೊಂದರ ಹಾರ್ಡ್ನರ್. ಎರಡರ ಮೇಲೂ 2:1 ಎಂದೇ ಇದ್ದರೂ ಹಾರ್ಡ್ನರ್‌ನ ಬಲ ಬೇರೆ ಬೇರೆ. ಗಟ್ಟಿಯಾಗಿ ಉಜ್ಜಿದ ಪದರದ ಮೇಲೆ ಬೇರೆ ಕಂಪನಿಯ ಪದರ ಹೊಡೆದರೆ ಸಾಮಾನ್ಯವಾಗಿ ನಡೆಯುತ್ತದೆ. ಒಂದೇ ಕಪ್ಪಿನೊಳಗೆ ಎರಡು ಕಂಪನಿ ಸೇರಬಾರದು.

ಅಳತೆಗೆ ಒಂದು ಲೆಕ್ಕ. ಬಾನೆಟ್ 1.5 ಚದರ ಮೀಟರ್ ಎನ್ನೋಣ. ಒಣಗಿದ ಕ್ಲಿಯರ್ 55 ಮೈಕ್ರಾನ್ ಬೇಕು, ಬೆರೆಸಿದ ಕ್ಲಿಯರ್‌ನಲ್ಲಿ ಘನಾಂಶ ಶೇಕಡಾ 45 ಎಂದಾದರೆ ಒದ್ದೆ ಪದರ ಸುಮಾರು 122 ಮೈಕ್ರಾನ್, ಅಂದರೆ ಪ್ಯಾನೆಲ್ ಮೇಲೆ 183 ಮಿಲಿಲೀಟರ್. ಗನ್ನಿನಿಂದ ಹೊರಟದ್ದರಲ್ಲಿ ಶೇಕಡಾ 65 ಮಾತ್ರ ಪ್ಯಾನೆಲ್‌ಗೆ ಕೂತರೆ 280 ಮಿಲಿಲೀಟರ್ ಬೇಕು. ಗನ್ನಿನಲ್ಲಿ ಉಳಿಯುವುದನ್ನೂ ಸೇರಿಸಿ 300 ಬೆರೆಸಿ. 2:1 ಕ್ಲಿಯರ್ ಆದರೆ 190 ಕ್ಲಿಯರ್, 95 ಹಾರ್ಡ್ನರ್, ಉಳಿದದ್ದು ಥಿನ್ನರ್. ಕಣ್ಣಂದಾಜಿಗೆ ಸುರಿಯದೆ ಗೆರೆ ಇರುವ ಕಪ್ಪಿನಲ್ಲೇ ಅಳೆಯಿರಿ.

ಬಿಸಿಲುನಾಡಿಗೆ ಬೇರೆಯೇ ತೊಂದರೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಮಧ್ಯಾಹ್ನ ವೇಗದ ಹಾರ್ಡ್ನರ್ ಹಾಕಿ ದಟ್ಟ ಕೋಟ್ ಹೊಡೆದರೆ ಮೇಲ್ಮೈ ಮೊದಲೇ ಚರ್ಮ ಕಟ್ಟಿ, ಒಳಗಿನ ಥಿನ್ನರ್ ಸೂಜಿಮೊನೆಯಂಥ ರಂಧ್ರ ಮಾಡಿ ಹೊರಬರುತ್ತದೆ. ನಿಧಾನದ ಹಾರ್ಡ್ನರ್, ನಿಧಾನದ ಥಿನ್ನರ್ ತರಿಸಿ, ಕೆಲಸ ಬೆಳಿಗ್ಗೆ ಎಂಟರೊಳಗೆ ಮುಗಿಸಿ.

ಐಸೋಸಯನೇಟ್ ಮಂಜು ಉಸಿರಿಗೆ ಸೇರಿದರೆ ಅಸ್ತಮಾ ಬರುತ್ತದೆ. ಒಮ್ಮೆ ಮೈಗೆ ಒಗ್ಗದಂತಾದರೆ ಆಮೇಲೆ ಸ್ವಲ್ಪವೇ ಸೋಕಿದರೂ ಉಸಿರು ಕಟ್ಟುತ್ತದೆ. ಕರ್ಚೀಫು, ಬಟ್ಟೆಯ ಮಾಸ್ಕ್ ಇದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿ ಕೊಡುವ ಮಾಸ್ಕ್ ಸರಿಯಾದದ್ದು. ಹುಡುಗರ ಕೈಗೆ ಟೂಕೆ ಗನ್ ಕೊಡುವ ಮುಂಚೆ ಅದನ್ನು ಕೊಡಿಸಿ.

ಮಳೆಗಾಲ ಕಳೆದ ಮೇಲೆ ಗುಳ್ಳೆ

ಗುಳ್ಳೆಯನ್ನು ಬ್ಲೇಡಿನಿಂದ ಕೊಯ್ದು ನೋಡಿ. ಒಳಗೆ ತುಕ್ಕು ಇದ್ದರೆ ನೀರು ತಗಡಿನವರೆಗೆ ಹೋಗಿದೆ. ಪುಟ್ಟಿ ಕಂಡರೆ ಅದನ್ನು ನೀರು ಹಾಕಿ ಉಜ್ಜಿದ್ದಾರೆ. ಪಾಲಿಯೆಸ್ಟರ್ ಪುಟ್ಟಿ ಸ್ಪಂಜಿನಂತೆ ನೀರು ಹೀರುತ್ತದೆ, ಅದನ್ನು ನೀರು ಹಾಕದೆಯೇ ಉಜ್ಜಬೇಕು. ವಾಟರ್ ಪೇಪರ್ ಕೆಲಸ ಸರ್ಫೇಸರ್ ಬಿದ್ದ ಮೇಲೆ. ಎರಡು ಪದರಗಳ ನಡುವೆ ಬರೀ ನೀರಹನಿಯಿದ್ದು, ಗುಳ್ಳೆಗಳು ಹನಿ ಒಣಗಿದ ಗುರುತಿನಂತೆ ಸಾಲಾಗಿ ಅಥವಾ ಉಂಗುರವಾಗಿ ಕೂತಿದ್ದರೆ ಉಜ್ಜಿದ ನೀರಿನ ಉಪ್ಪು ಕಾರಣ. ಬೋರ್‌ವೆಲ್ ಗಡಸು ನೀರು ಪ್ಯಾನೆಲ್ ಮೇಲೇ ಆರಿದರೆ ಅದರ ಉಪ್ಪು ಅಲ್ಲೇ ಉಳಿಯುತ್ತದೆ, ಮೇಲಿನ ಬಣ್ಣದ ಮೂಲಕ ತೇವವನ್ನು ಎಳೆದುಕೊಳ್ಳುತ್ತದೆ. ಕೊನೆಯ ತೊಳೆತಕ್ಕೆ ಫಿಲ್ಟರ್ ನೀರು ಬಳಸಿ, ಆರಲು ಬಿಡದೆ ಒರೆಸಿ.

ಪುಟ್ಟಿಯ ಜಾಗದಲ್ಲಿ ಗುಳ್ಳೆಯಿಲ್ಲದೆ ಬರೀ ಹಳದಿ ಕಲೆ ಮೂಡಿದರೆ ಅದರ ಹಾರ್ಡ್ನರ್ ಹೆಚ್ಚಾಗಿದೆ. 100 ಗ್ರಾಂ ಪುಟ್ಟಿಗೆ 2ರಿಂದ 3 ಗ್ರಾಂ ಸಾಕು. ಬೇಗ ಗಟ್ಟಿಯಾಗಲೆಂದು ಹೆಚ್ಚು ಹಿಂಡಿದರೆ ಮಿಕ್ಕ ಪೆರಾಕ್ಸೈಡ್ ಮೇಲಿನ ಬಣ್ಣವನ್ನು ಕೆಡಿಸುತ್ತದೆ. ಬಣ್ಣ ಹೊಡೆದು ಮುಚ್ಚಲಾಗುವುದಿಲ್ಲ, ಪುಟ್ಟಿ ಕೀಳಲೇಬೇಕು.

ಮೀನುಕಣ್ಣು, ಹಾಲುಬಿಳಿ ಮತ್ತು ಬಂಪರ್

ಬಣ್ಣ ಹೊಡೆದಲ್ಲಿ ಸಣ್ಣ ಸಣ್ಣ ಕುಳಿ ಬಿದ್ದರೆ ಸಿಲಿಕೋನ್ ಅಥವಾ ಎಣ್ಣೆ ಇದೆ. ಡ್ಯಾಶ್‌ಬೋರ್ಡ್ ಪಾಲಿಷ್, ಟೈರ್ ಪಾಲಿಷ್ ಎರಡನ್ನೂ ಪೇಂಟಿಂಗ್ ಜಾಗದಿಂದ ದೂರವಿಡಿ. ಬಣ್ಣವಿಲ್ಲದ ಗನ್ನಿನಿಂದ ಕನ್ನಡಿಯ ಮೇಲೆ ಒಂದು ನಿಮಿಷ ಗಾಳಿ ಬಿಟ್ಟು ನೋಡಿ, ಎಣ್ಣೆ ಮಬ್ಬು ಕೂತರೆ ಕಂಪ್ರೆಸರ್ ಫಿಲ್ಟರ್ ಬದಲಿಸಿ. ಸೀಮೆಎಣ್ಣೆ, ಡೀಸೆಲ್‌ನಿಂದ ಒರೆಸುವ ಪದ್ಧತಿ ಬಿಡಿ, ಅವೇ ಎಣ್ಣೆ ಪದರ ಬಿಡುತ್ತವೆ.

ಎನ್‌ಸಿ ಬಣ್ಣ ಮಳೆದಿನ ಹಾಲಿನಂತೆ ಬೆಳ್ಳಗಾದರೆ ಥಿನ್ನರ್ ಹಾರುವಾಗ ಪ್ಯಾನೆಲ್ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಹನಿಗಟ್ಟಿದೆ. ರಿಟಾರ್ಡರ್ (ನಿಧಾನವಾಗಿ ಹಾರುವ ಥಿನ್ನರ್) ಬೆರೆಸಿದ ತೆಳು ಕೋಟ್ ಕೊಟ್ಟರೆ ಹೋಗುತ್ತದೆ.

ಬಂಪರ್‌ನಿಂದ ಹಾಳೆ ಹಾಳೆಯಾಗಿ ಬಣ್ಣ ಎದ್ದರೆ ಬಿಚ್ಚಿ ಒಳಬದಿಯ ಅಚ್ಚು ನೋಡಿ. ಪಿಪಿ (ಪಾಲಿಪ್ರೊಪಿಲೀನ್) ಅಥವಾ ರಬ್ಬರ್ ಬೆರೆತ ಪಿಪಿ-ಇಪಿಡಿಎಂ ಎಂದಿದ್ದರೆ ಆ ಪ್ಲಾಸ್ಟಿಕ್‌ಗೆ ಸಾಮಾನ್ಯ ಪ್ರೈಮರ್ ಅಂಟುವುದೇ ಇಲ್ಲ. ಸೋಪಿನಿಂದ ತೊಳೆದು, ಬೂದು ಸ್ಕಾಚ್‌ಬ್ರೈಟ್‌ನಲ್ಲಿ ಉಜ್ಜಿ, ಪ್ಲಾಸ್ಟಿಕ್ ಪ್ರೈಮರ್ ಎಂದು ಮಾರುವ ಅಂಟು ಹೆಚ್ಚಿಸುವ ದ್ರವದ ಒಂದು ತೆಳು ಕೋಟ್ ಕೊಟ್ಟೇ ಮುಂದೆ ಹೋಗಬೇಕು. ಹಳೆಯ ಬಣ್ಣ ಗಟ್ಟಿಯಾಗಿದ್ದರೆ ಪ್ಲಾಸ್ಟಿಕ್ ತೆರೆದುಕೊಂಡ ಜಾಗಕ್ಕಷ್ಟೇ ಅದು ಸಾಕು. ಎಚ್ ಪ್ರೈಮರ್ ಪ್ಲಾಸ್ಟಿಕ್‌ಗೆ ಅಲ್ಲ.

ಮತ್ತೆ ಹೊಡೆಯುವ ಮುಂಚೆ ತುಂಡು ತಗಡಿನ ಮೇಲೆ

ಕೆಳಗೇನಿದೆ ಎಂದು ಖಾತ್ರಿಯಿಲ್ಲದ ಗಾಡಿಗೆ ತಗಡಿನಿಂದ ಶುರುಮಾಡಿದರೆ ಈ ಕ್ರಮ ನಂಬಬಹುದು: ಎಪಾಕ್ಸಿ, ಬೇಕಾದಲ್ಲಿ ಪುಟ್ಟಿ, ಟೂಕೆ ಸರ್ಫೇಸರ್, 800 ನಂಬರ್ ವಾಟರ್ ಪೇಪರ್, ಎರಡು ಮೂರು ತೆಳು ಬೇಸ್, ಎರಡು ಕೋಟ್ ಕ್ಲಿಯರ್. ಕೆಲವು ಎಪಾಕ್ಸಿಗಳನ್ನು ಬೆರೆಸಿ 15ರಿಂದ 30 ನಿಮಿಷ ಬಿಟ್ಟು ಬಳಸಬೇಕು, ಡಬ್ಬಿ ನೋಡಿ. ಅದೇ ಡಬ್ಬಿಗಳಿಂದ ಒಂದು ತುಂಡು ತಗಡಿಗೂ ಇದೇ ಕ್ರಮದಲ್ಲಿ ಹೊಡೆದು ಒಂದು ವಾರ ಬಿಡಿ. ಒಟ್ಟು ದಪ್ಪ 120ರಿಂದ 250 ಮೈಕ್ರಾನ್ ಇದ್ದರೆ ಹೊಸ ಬ್ಲೇಡಿನಿಂದ 3 ಮಿಲಿಮೀಟರ್ ಅಂತರದಲ್ಲಿ ಆರು ಗೆರೆ, ಅಡ್ಡಲಾಗಿ ಮತ್ತೆ ಆರು ಗೆರೆ ತಗಡಿನವರೆಗೆ ಕೊಯ್ಯಿರಿ. ಇಪ್ಪತ್ತೈದು ಚೌಕಗಳಾಗುತ್ತವೆ. ಗಟ್ಟಿ ಟೇಪ್ ಒತ್ತಿ ಅಂಟಿಸಿ ಒಂದೇ ಎಳೆತಕ್ಕೆ ಕಿತ್ತು ನೋಡಿ. ಮೂಲೆಗಳಲ್ಲಿ ಪುಡಿ ಉದುರಿದರೆ ಪರವಾಗಿಲ್ಲ. ಚೌಕಗಳೇ ಟೇಪ್‌ಗೆ ಬಂದರೆ ಟೇಪ್ ತಿರುಗಿಸಿ ಅವುಗಳ ಬೆನ್ನಿನ ಬಣ್ಣ ನೋಡಿ, ಕೈಬಿಟ್ಟ ಪದರ ಅಲ್ಲೇ ಸಿಗುತ್ತದೆ.